ವೈರ್‌ಕಟ್ ಮೆಷಿನ್: ಟ್ಯಾಂಕ್ ತುಂಬಲ್ಲ, ತುಂಬಿದ್ರೆ ಬೇಗ ಇಳಿಯಲ್ಲ

ಪ್ರಶ್ನೆ: ನಮ್ದು ಜಾಬ್ (ಕಟ್ ಮಾಡೋ ಲೋಹದ ತುಂಡು) ನೀರಲ್ಲಿ ಮುಳುಗಿಸಿ, ತೆಳು ವೈರಿಂದ ಕಿಡಿ ಹಾರಿಸಿ ಕಟ್ ಮಾಡೋ ವೈರ್‌ಕಟ್ ಮೆಷಿನ್ ಸಾರ್. ವರ್ಕ್ ಟ್ಯಾಂಕ್ ಅರ್ಧ ತುಂಬತ್ತೆ, ಅಲ್ಲೇ ನಿಂತ್ಬಿಡತ್ತೆ, ಸ್ವಲ್ಪ ಹೊತ್ತಿಗೆ ಲೆವೆಲ್ ಕಮ್ಮಿ ಅಂತ ಅಲಾರಂ. ಪಂಪ್ ಓಡ್ತಾನೇ ಇದೆ. ನೀರಿನ ಲೆವೆಲ್ ಹೇಳೋ ಫ್ಲೋಟ್ ಸ್ವಿಚ್ ಹೋಗಿದೆ ಅಂತ ಎಲ್ರೂ ಹೇಳ್ತಿದಾರೆ, ಹೊಸದು ತರಿಸ್ಲಾ?

ಉತ್ತರ: ತಡೀರಿ ತಡೀರಿ. ನೀರು ಅರ್ಧಕ್ಕೆ ನಿಂತಿರೋದು ನಿಮ್ ಕಣ್ಣಿಗೇ ಕಾಣ್ತಿದೆ, ಸ್ವಿಚ್ ಕೂಡ ಅದನ್ನೇ ಹೇಳ್ತಿದೆ, ಹಂಗಿದ್ಮೇಲೆ ಅದರದ್ದೇನು ತಪ್ಪು? ಟ್ಯಾಂಕ್ ತುಂಬಿ ತುಳುಕ್ತಿದ್ರೂ ಲೆವೆಲ್ ಇಲ್ಲ ಅಂದ್ರೆ ಆಗ ಅದನ್ನ ಅನುಮಾನಿಸ್ಬೇಕು. ಅಲಾರಂ ಬಂತು ಅಂದ್ರೆ ಮೊದ್ಲು ಸೆನ್ಸರ್ ಬಿಚ್ಚೋದು ನಮ್ಮೋರಿಗೆಲ್ಲ ಒಂದು ಚಟ.

ಮೆಷಿನ್ ಹಿಂದೆ ಹೋಗಿ ಡರ್ಟಿ ಟ್ಯಾಂಕ್ (ಕಟ್ ಮಾಡಿದ ಕೊಳೆ ನೀರು ಬರೋದು), ಕ್ಲೀನ್ ಟ್ಯಾಂಕ್ (ಫಿಲ್ಟರ್ ಆದ ನೀರು ಇರೋದು, ಇಲ್ಲಿಂದ ವರ್ಕ್ ಟ್ಯಾಂಕಿಗೆ ಹೋಗತ್ತೆ) ಎರಡರ ಮುಚ್ಚಳಾನೂ ಎತ್ತಿ ನೋಡಿ. ನೆಲ ಒಣಗಿದೆ ಅಂದ್ರೆ ನೀರು ಇವೆರಡರಲ್ಲೇ ಎಲ್ಲೋ ಇರ್ಬೇಕು. ಡರ್ಟಿ ತುಂಬಿದೆ ಕ್ಲೀನ್ ಖಾಲಿ ಆಗಿದೆ ಅಂದ್ರೆ ಫಿಲ್ಟರ್ ಕಟ್ಕೊಂಡಿದೆ, ಫಿಲ್ಟರ್ ಪ್ರೆಶರ್ ಗೇಜ್ ನೋಡಿ. ಹೊಸ ಪೇಪರ್ ಫಿಲ್ಟರ್ ಹಾಕ್ದಾಗ ಮುಳ್ಳು ಕೆಳಗಿರತ್ತೆ, ಸ್ಲಡ್ಜ್ (ಕಟ್ ಆದ ಲೋಹದ ಪುಡಿ ಕೆಸರು) ತುಂಬ್ತಾ ತುಂಬ್ತಾ ಮೇಲೇರತ್ತೆ, ಮ್ಯಾನ್ಯುಅಲಲ್ಲಿ ಕೊಟ್ಟಿರೋ ಲಿಮಿಟ್ ಮುಟ್ಟಿದ್ರೆ ಬದಲಾಯಿಸ್ಲೇಬೇಕು. ಮುಳ್ಳು ಮೇಲಿದ್ದದ್ದು ಇದ್ದಕ್ಕಿದ್ದಂಗೆ ಇಳಿದು ಕ್ಲೀನ್ ಟ್ಯಾಂಕ್ ನೀರು ಕಪ್ಪಗಾದ್ರೆ ಖುಷಿ ಪಡ್ಬೇಡಿ, ಫಿಲ್ಟರ್ ಒಳಗೆ ಹರಿದಿದೆ. ಇನ್ನೊಂದು ಗುರುತು ಹೇಳ್ತೀನಿ, ದಪ್ಪ ಜಾಬಿಗೆ ಜೋರು ಫ್ಲಶಿಂಗ್ (ಕಟ್ ಆಗೋ ಜಾಗಕ್ಕೆ ನೀರು ಹೊಡೆಯೋದು) ಇಟ್ಟು ರಫ್ ಕಟ್ (ಮೊದಲ ಒರಟು ಕಟ್) ಮಾಡುವಾಗ ಕ್ಲೀನ್ ಟ್ಯಾಂಕ್ ಇಳೀತಾ ಹೋಗಿ, ಫಿನಿಶ್ ಕಟ್‌ಗೆ ಬಂದಾಗ ತಾನೇ ತುಂಬ್ಕೊಂಡ್ರೆ ಫಿಲ್ಟರ್ ಪೂರ್ತಿ ಹೋಗಿಲ್ಲ, ಆದ್ರೆ ಹೋಗೋ ದಾರೀಲಿದೆ.

ಕ್ಲೀನ್ ಟ್ಯಾಂಕ್ ತುಂಬಿದ್ರೂ ವರ್ಕ್ ಟ್ಯಾಂಕ್ ತುಂಬಲ್ಲ ಅಂದ್ರೆ? ನನಗೆ ಇದರ ಮೇಲೇ ಡೌಟ್ ಜಾಸ್ತಿ, ಯಾಕಂದ್ರೆ ಅರ್ಧಕ್ಕೆ ಬಂದು ಅಲ್ಲೇ ನಿಲ್ತಿದೆ ಅಂದ್ರಲ್ಲ, ಅದು ಸೋರಿಕೆ ಲಕ್ಷಣ. ನೀರು ಮೇಲೇರಿದಷ್ಟೂ ಕೆಳಗೆ ಒತ್ತಡ ಜಾಸ್ತಿ, ಒತ್ತಡ ಜಾಸ್ತಿ ಆದಷ್ಟೂ ಸಂದಿಯಿಂದ ಹೋಗೋದೂ ಜಾಸ್ತಿ, ಎಲ್ಲೋ ಒಂದು ಎತ್ತರದಲ್ಲಿ ಬರೋ ನೀರು ಹೋಗೋ ನೀರು ಸಮ ಆಗ್ಬಿಡತ್ತೆ, ಲೆವೆಲ್ ಅಲ್ಲೇ ನಿಲ್ಲತ್ತೆ. ನೋಡ್ಬೇಕಂದ್ರೆ ಕಟಿಂಗ್ ಪವರ್ ಆಫ್ ಮಾಡಿ, ಡ್ರೈನ್ ಮುಚ್ಚಿದ ಹಾಗೇ ಇಟ್ಟು ಫಿಲ್ ಪಂಪ್, ಫ್ಲಶಿಂಗ್ ಎರಡೂ ನಿಲ್ಲಿಸಿ, ನೀರಿನ ಗೆರೆಗೆ ಮಾರ್ಕರಲ್ಲಿ ಒಂದು ಗೀಟು ಎಳೆದು ಹತ್ತು ನಿಮಿಷ ಬಿಡಿ. ಗೀಟಿಂದ ಚೆನ್ನಾಗಿ ಕೆಳಗಿಳಿದಿದ್ರೆ ಸೋರಿಕೆ ಖಾತ್ರಿ. ಅಲ್ಲಾಡ್ದೇ ನಿಂತಿದ್ರೆ ಬರೋ ನೀರೇ ಕಮ್ಮಿ, ಪಂಪಿನ ಬಾಯಲ್ಲಿರೋ ಜಾಲರಿ, ಫಿಲ್ ವಾಲ್ವ್ ನೋಡಿ.

ಸೋರೋ ಜಾಗ ಸಾಮಾನ್ಯವಾಗಿ ಡ್ರೈನ್ ವಾಲ್ವೇ. ನಮ್ಮಲ್ಲಿ ಒಂದ್ಸಲ ಎರಡು ದಿನ ಪಂಪ್ ಬಿಚ್ಚಿ ಜೋಡಿಸಿ, ಪೈಪೆಲ್ಲ ಊದಿ, ಕೊನೆಗೆ ಸಿಕ್ಕಿದ್ದು ಡ್ರೈನ್ ವಾಲ್ವ್ ರಬ್ಬರ್ ಮೇಲೆ ಅಡ್ಡ ಕೂತಿದ್ದ ಉಗುರಿನಷ್ಟುದ್ದ ಬ್ರಾಸ್ ವೈರ್ ತುಂಡು! 0.25 ಮಿಮೀ ದಪ್ಪದ್ದು, ಕೈಯಲ್ಲಿ ಹಿಡಿದ್ರೆ ಸರಿಯಾಗಿ ಕಾಣಲ್ಲ, ರಬ್ಬರಲ್ಲಿ ಅದರ ಅಚ್ಚು ಮಾತ್ರ ಗೆರೆ ಕೊರೆದಂಗೆ ಬಿದ್ದಿತ್ತು. ವಾಲ್ವ್ ಗಾಳಿ ಸಿಲಿಂಡರಿಂದ ಮುಚ್ಚೋದಾದ್ರೆ ಗಾಳಿ ಪ್ರೆಶರ್ ಕೂಡ ನೋಡಿ, ಅದೇ ಲೈನಲ್ಲಿ ಪಕ್ಕದೋನು ಏರ್ ಗನ್ ಹಿಡ್ಕೊಂಡು ಜಾಬ್ ಊದ್ತಿದ್ರೆ ಪ್ರೆಶರ್ ಬಿದ್ದು ವಾಲ್ವ್ ಸಡಿಲ ಆಗ್ಬೋದು. ಆಮೇಲೆ ಬಾಗಿಲಿನ ರಬ್ಬರ್, ಕೆಳಗಿನ ಆರ್ಮ್ (ವೈರನ್ನ ಕೆಳಗಡೆ ಹಿಡಿದಿರೋ ತೋಳು) ಟ್ಯಾಂಕ್ ಗೋಡೆ ದಾಟೋ ಕಡೆ ಇರೋ ಸೀಲ್. ಆರ್ಮ್ ಸೀಲಲ್ಲಿ ಸ್ವಲ್ಪ ಜಿನುಗೋದು ಇದ್ದಿದ್ದೇ, ಅದು ಕೆಳಗಿನ ಟ್ರೇಗೆ ಬಿದ್ದು ಡರ್ಟಿ ಟ್ಯಾಂಕಿಗೆ ವಾಪಸ್ ಹೋಗತ್ತೆ, ಧಾರೆ ಸುರಿದ್ರೆ ಮಾತ್ರ ಸೀಲ್ ಸವೆದಿದೆ.

ಪ್ರಶ್ನೆ: ಸಂಜೆ ಎಲ್ಲ ಸರಿ ಇತ್ತು, ಬೆಳಿಗ್ಗೆ ಬಂದು ನೋಡಿದ್ರೆ ಮೆಷಿನ್ ಸುತ್ತ ನೀರೋ ನೀರು. ಎಲ್ಲೂ ಪೈಪ್ ಒಡೆದಿಲ್ಲ. ಏನಿರ್ಬೋದು?

ಉತ್ತರ: ನೀವು ಬೈಕೊಳ್ಳಲ್ಲ ಅಂದ್ರೆ ಒಂದು ಕೇಳ್ತೀನಿ, ಹಿಂದಿನ ದಿನ ಯಾರಾದ್ರೂ ನೀರು ಸೇರಿಸಿದ್ರಾ? ವರ್ಕ್ ಟ್ಯಾಂಕ್ ತುಂಬಿ ಮೆಷಿನ್ ಓಡ್ತಿರುವಾಗ ಹಿಂದಿನ ಟ್ಯಾಂಕಲ್ಲಿ ಲೆವೆಲ್ ಕಮ್ಮಿ ಕಾಣೋದು ಸಹಜ, ಆ ನೀರೆಲ್ಲ ಮೇಲಿದೆಯಲ್ಲ. ಅದನ್ನ ನೋಡಿ ಪಾಪ ಯಾರೋ ಒಂದೆರಡು ಕ್ಯಾನ್ ಸುರೀತಾರೆ, ರಾತ್ರಿ ಟ್ಯಾಂಕ್ ಡ್ರೈನ್ ಆದ್ಮೇಲೆ ಮೇಲಿನ ನೀರು ಕೆಳಗೆ ಬಂದು ಜಾಗ ಸಾಲ್ದೇ ನೆಲಕ್ಕೆ. ನೀರು ಹಾಕೋದು ವರ್ಕ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿದ್ಮೇಲೇ. ಹಾಕೋದೂ ಡಿಐ ವಾಟರೇ (ಲವಣ ತೆಗೆದ ನೀರು) ಆಗಿರ್ಲಿ, ನಲ್ಲಿ ನೀರು ಸುರಿದ್ರೆ ಕಂಡಕ್ಟಿವಿಟಿ (ಕರೆಂಟ್ ಹರಿಸೋ ಗುಣ) ಏರಿ, ನೀರಿಂದ ಲವಣ ಹೀರೋ ರೆಸಿನ್ ಬೇಗ ಸಾಯತ್ತೆ.

ಯಾರೂ ಹಾಕಿಲ್ಲ ಅಂದ್ರೆ ಫಿಲ್ಟರ್ ಪಂಪ್ ಲೈನಿನ ಚೆಕ್ ವಾಲ್ವ್ (ನೀರನ್ನ ಒಂದೇ ಕಡೆ ಬಿಡೋ ವಾಲ್ವ್) ನೋಡಿ. ಪಂಪ್ ನಿಂತಾಗ ಅದು ಹಿಡೀದೇ ಇದ್ರೆ, ಫಿಲ್ಟರಿಂದ ಬರೋ ಪೈಪಿನ ಬಾಯಿ ಕ್ಲೀನ್ ಟ್ಯಾಂಕ್ ನೀರಲ್ಲಿ ಮುಳುಗಿದ್ರೆ, ನೀರು ರಾತ್ರಿಯೆಲ್ಲ ಡರ್ಟಿ ಟ್ಯಾಂಕಿಗೆ ವಾಪಸ್ ಇಳಿಯತ್ತೆ. ಬೆಳಿಗ್ಗೆ ಕ್ಲೀನ್ ಕಮ್ಮಿ, ಡರ್ಟಿ ತುಳುಕ್ತಾ ಇದ್ರೆ ಇದೇ. ಕ್ಲೀನ್ ಟ್ಯಾಂಕ್ ತುಂಬಿ ಮಧ್ಯದ ಗೋಡೆ ಮೇಲಿಂದ ಡರ್ಟಿಗೆ ಬೀಳೋದು ಬೇರೆ, ಅದು ಹಂಗೇ ಮಾಡಿರೋದು, ಅದಕ್ಕೆ ಗಾಬರಿ ಬೇಡ.

ಪ್ರಶ್ನೆ: ಜಾಬ್ ಮುಗಿದ್ಮೇಲೆ ನೀರು ಇಳಿಯೋಕೆ ಮೊದ್ಲಿಗಿಂತ ಮೂರು ಪಟ್ಟು ಟೈಮ್ ತಗೊಳ್ತಿದೆ.

ಉತ್ತರ: ದಾರಿ ಕಟ್ಕೊಂಡಿದೆ ಅಷ್ಟೇ. ಡ್ರೈನ್ ಬಾಯಿ ಜಾಲರಿ ಎತ್ತಿ ನೋಡಿ, ಬಿದ್ದ ಸ್ಲಗ್ (ಜಾಬಿಂದ ಕಟ್ ಆಗಿ ಬಿದ್ದ ಚೂರು), ವೈರ್ ತುಂಡು, ಅದರ ಸುತ್ತ ಕೆಸರಿನ ಥರ ಕಪ್ಪು ಸ್ಲಡ್ಜ್ ಎಲ್ಲ ಗುಡ್ಡೆ ಆಗಿರತ್ತೆ. ಮುಂದೆ ಡರ್ಟಿ ಟ್ಯಾಂಕಿಗೆ ಹೋಗೋ ಪೈಪಲ್ಲೂ ತಳದಲ್ಲಿ ಇದೇ ಕೂತಿರತ್ತೆ. ಕಂಬಿ ಹಾಕಿ ತಿವೀಬೇಡಿ, ವಾಲ್ವ್ ರಬ್ಬರ್ ಹರಿಯತ್ತೆ, ಮೆಷಿನ್ ವಾಶ್ ಗನ್ನಲ್ಲೇ ಹೊಡೀರಿ. ಆರ್ಮ್ ಕೆಳಗಿನ ಟ್ರೇ ತೂತನ್ನೂ ಮರೀಬೇಡಿ, ಅದು ಕಟ್ಕೊಂಡ್ರೆ ನೀರು ಮೆಷಿನ್ ಬೇಸ್ ಒಳಗೆ ನುಗ್ಗತ್ತೆ, ಅಲ್ಲಿ ತುಕ್ಕು ಹಿಡಿದ್ರೆ ದೊಡ್ಡ ಕೆಲ್ಸ. ತೆಗೆದ ಸ್ಲಡ್ಜ್ ಚರಂಡಿಗೆ ಬೇಡ, ಅದರಲ್ಲಿ ತಾಮ್ರ ಸತುವೆಲ್ಲ ಇದೆ, ಬೇರೆ ಡ್ರಮ್ಮಲ್ಲಿ ಹಾಕಿಡಿ.

ಪ್ರಶ್ನೆ: ಫ್ಲೋಟ್ ಪದೇ ಪದೇ ಸಿಕ್ಕಾಕ್ಕೊಳ್ಳತ್ತೆ. ಅರ್ಜೆಂಟ್ ಕೆಲ್ಸಕ್ಕೆ ಅದನ್ನ ಪ್ಲಾಸ್ಟಿಕ್ ಕೇಬಲ್ ಟ್ಯಾಗ್ ಹಾಕಿ ಮೇಲೆ ಕಟ್ಟಿದ್ರೆ ನಡೆಯತ್ತಾ?

ಉತ್ತರ: ಮೆಷಿನ್ ಓಡತ್ತೆ, ಅದೇ ಅಪಾಯ. ನೀರಿನ ಮೆಷಿನಲ್ಲಿ ಲೆವೆಲ್ ಇಳಿದು ಕಟ್ ಒಳಗೆ ಗಾಳಿ ಸೇರಿದ್ರೆ ವೈರ್ ಪಟಪಟ ಕಟ್ ಆಗತ್ತೆ, ಮೇಲ್ಮೈಯಲ್ಲಿ ಗೆರೆ ಬೀಳತ್ತೆ. ಎಣ್ಣೆ ಬಳಸೋ ಮೆಷಿನಲ್ಲಿ ಇದನ್ನ ಮಾಡಿದ್ರೆ ಬೆಂಕಿ, ಅಲ್ಲಂತೂ ಕನಸಲ್ಲೂ ಬೇಡ. ಬೇಕಿರೋದು ಐದು ನಿಮಿಷದ ಕೆಲ್ಸ. ಸುಮಾರು ಫ್ಲೋಟ್‌ಗಳ ಒಳಗೆ ಮ್ಯಾಗ್ನೆಟ್ ಇರತ್ತೆ, ನೀವು ಕಟ್ ಮಾಡೋದು ಸ್ಟೀಲ್, ಅದರ ಪುಡಿ ಮ್ಯಾಗ್ನೆಟ್ಟಿಗೆ ಎಳೆದು ಮೀಸೆ ಬಂದಂಗೆ ಕೂತ್ಕೊಂಡು ಫ್ಲೋಟ್ ಭಾರ ಆಗಿ ಕಡ್ಡಿ ಮೇಲೆ ಜಾರಲ್ಲ. ಪವರ್ ಆಫ್ ಮಾಡಿ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಕಡ್ಡೀನೂ ಒರೆಸಿ. ವಾಪಸ್ ಹಾಕುವಾಗ ಫ್ಲೋಟ್ ತಲೆಕೆಳಗು ಆಗ್ದಿರ್ಲಿ, ಎಷ್ಟೋ ಫ್ಲೋಟಲ್ಲಿ ತಿರುಗಿಸಿದ್ರೆ ಆನ್ ಇರೋದು ಆಫ್ ಆಗ್ಬಿಡತ್ತೆ. ಬಿಚ್ಚೋ ಮುಂಚೆ ಮೇಲ್ಗಡೆ ಮಾರ್ಕರಲ್ಲಿ ಒಂದು ಚುಕ್ಕೆ ಇಡಿ, ಕೂರಿಸಿದ್ಮೇಲೆ ಕಟಿಂಗ್ ಆಫ್ ಇಟ್ಟೇ ಕೈಯಲ್ಲಿ ಎತ್ತಿ ಇಳಿಸಿ ಡಯಾಗ್ನೋಸ್ಟಿಕ್ ಸ್ಕ್ರೀನಲ್ಲಿ ಇನ್‌ಪುಟ್ ಬದಲಾಗತ್ತಾ ನೋಡಿ.