ಕೇಬಲ್ ಇದ್ದೂ ಇಂಟರ್ನೆಟ್ ಇಲ್ಲದಾಗ ನೆಟ್‌ವರ್ಕ್ ಮ್ಯಾನೇಜರ್ ಏನು ಮಾಡುತ್ತದೆ?

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್ ಬಳಸುತ್ತಿದ್ದೇನೆ. ಬ್ರಾಡ್‌ಬ್ಯಾಂಡ್ ರೂಟರ್‌ನಿಂದ ಕೇಬಲ್ ಎಳೆದಿದ್ದೇನೆ. ಅದು ಕೈಕೊಟ್ಟಾಗ ಇರಲೆಂದು ಮೊಬೈಲ್ ಹಾಟ್‌ಸ್ಪಾಟ್ ಅನ್ನೂ ಉಳಿಸಿಟ್ಟಿದ್ದೇನೆ. ಆದರೆ ಬ್ರಾಡ್‌ಬ್ಯಾಂಡ್ ನಿಂತಾಗ ವೈ-ಫೈ ಸೇರಿಕೊಂಡಿದ್ದರೂ ಯಾವ ಪುಟವೂ ತೆರೆಯುವುದಿಲ್ಲ, ಕೇಬಲ್ ಕಿತ್ತರೆ ಕೂಡಲೇ ತೆರೆಯುತ್ತದೆ. ಲಾಗಿನ್ ತಾನಾಗಿಯೇ ಆಗುವಂತೆ ಮಾಡಿದ್ದರೂ ಪ್ರತಿ ಸಲ ಕೀರಿಂಗ್ (ಪಾಸ್‌ವರ್ಡ್‌ಗಳನ್ನು ಬೀಗ ಹಾಕಿಡುವ ವ್ಯವಸ್ಥೆ) ಪಾಸ್‌ವರ್ಡ್ ಕೇಳುತ್ತದೆ. ಈ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ತಂತ್ರಾಂಶವನ್ನು ತೆಗೆದುಹಾಕಿ, ಎಲ್ಲವನ್ನೂ ಹಳೆಯ ಪದ್ಧತಿಯಂತೆ ಫೈಲ್‌ನಲ್ಲಿ ಬರೆದುಕೊಳ್ಳಲೇ?

ಉತ್ತರ: ತೆಗೆಯಬೇಡಿ. ನೀವು ಹೇಳಿದ ಎರಡೂ ತೊಂದರೆಗಳು ಸೆಟ್ಟಿಂಗ್‌ನಲ್ಲಿಯೇ ಸರಿಹೋಗುವಂಥವು.

ರೂಟರ್‌ಗೆ ವಿದ್ಯುತ್ ಇದ್ದು, ಹೊರಗಿನ ಲೈನ್ ಮಾತ್ರ ಸತ್ತಿದ್ದರೆ, ಕಂಪ್ಯೂಟರ್ ಮತ್ತು ರೂಟರ್ ನಡುವಿನ ಸಂಪರ್ಕಕ್ಕೆ ಏನೂ ಆಗಿರುವುದಿಲ್ಲ. ಕೇಬಲ್‌ನ ಆಚೆ ತುದಿಯಿಂದ ಸಿಗ್ನಲ್ ಬರುತ್ತಿದೆ, ಐಪಿ ವಿಳಾಸವೂ ಸಿಕ್ಕಿದೆ. ಹೀಗಿರುವಾಗ ನೆಟ್‌ವರ್ಕ್ ಮ್ಯಾನೇಜರ್‌ನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ಎರಡು ಸಂಪರ್ಕಗಳು ಒಟ್ಟಿಗೆ ಇದ್ದಾಗ ಹೊರಹೋಗುವ ದಾರಿಯನ್ನು ಅದು ವೇಗ ನೋಡಿ ಆರಿಸುವುದಿಲ್ಲ, ಮೆಟ್ರಿಕ್ ಎಂಬ ಅಂಕಿಯನ್ನು ನೋಡಿ ಆರಿಸುತ್ತದೆ. ನಾವು ಬದಲಿಸದಿದ್ದರೆ ಕೇಬಲ್‌ನ ಮೆಟ್ರಿಕ್ 100, ವೈ-ಫೈಯದು 600. ಕಡಿಮೆ ಅಂಕಿಗೆ ಆದ್ಯತೆ. ಆದ್ದರಿಂದಲೇ ನಿಮ್ಮ ಹಾಟ್‌ಸ್ಪಾಟ್ ಸೇರಿಕೊಂಡಿದ್ದರೂ ಕೆಲಸವಿಲ್ಲದೆ ಕುಳಿತಿರುತ್ತದೆ.

ಇದಕ್ಕೆ ಪರಿಹಾರ ಸಂಪರ್ಕ ತಪಾಸಣೆ. ನಿಗದಿತ ವಿಳಾಸವೊಂದನ್ನು ಆಗಾಗ ಕೇಳಿ, ಇಂಟರ್ನೆಟ್ ನಿಜಕ್ಕೂ ಸಿಗುತ್ತಿದೆಯೇ ಎಂದು ನೋಡುವ ವ್ಯವಸ್ಥೆಯಿದು. ಉತ್ತರ ಬಾರದಿದ್ದರೆ ಆ ಸಂಪರ್ಕದ ಮೆಟ್ರಿಕ್‌ಗೆ 20000 ಸೇರುತ್ತದೆ; ಕೇಬಲ್ 20100 ಆಗಿ ಹಿಂದೆ ಸರಿಯುತ್ತದೆ, 600ರ ವೈ-ಫೈ ಮುಂದೆ ಬರುತ್ತದೆ, ಲೈನ್ ಮರಳಿದ ಮೇಲೆ ಮತ್ತೆ ಮೊದಲಿನಂತಾಗುತ್ತದೆ. ಡೆಬಿಯನ್‌ನಲ್ಲಿ ಇದು ಪ್ರತ್ಯೇಕ ಪ್ಯಾಕೇಜ್. ಪ್ಯಾಕೇಜ್ ಪಟ್ಟಿಯಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಹೆಸರಿನೊಡನೆ ‘ಕನೆಕ್ಟಿವಿಟಿ’ ಎಂದು ಹುಡುಕಿ ಹಾಕಿಕೊಳ್ಳಿ. ಎರಡು ತಪಾಸಣೆಗಳ ನಡುವಿನ ಅವಧಿ ಸಾಮಾನ್ಯವಾಗಿ 300 ಸೆಕೆಂಡು ಇರುವುದರಿಂದ ದಾರಿ ಬದಲಾಗಲು ಐದು ನಿಮಿಷದವರೆಗೂ ಹಿಡಿಯಬಹುದು, ನಡೆಯುತ್ತಿರುವ ವಿಡಿಯೊ ಕರೆಯಂತೂ ಉಳಿಯಲಾರದು. ತಮ್ಮ ಕಂಪ್ಯೂಟರ್ ಹೀಗೆ ಪದೇ ಪದೇ ಹೊರಗಿನ ಸರ್ವರ್ ಒಂದನ್ನು ಮುಟ್ಟುವುದು ಬೇಡವೆನ್ನುವವರೂ ಇದ್ದಾರೆ, ಆ ಆಕ್ಷೇಪ ತಪ್ಪಲ್ಲ; ಆದರೆ ಅಂಥವರು ಕೇಬಲ್ ಕೀಳುವ ಕೆಲಸವನ್ನು ತಾವೇ ಮಾಡಬೇಕಾಗುತ್ತದೆ.

ಹಾಟ್‌ಸ್ಪಾಟ್‌ನ ಸೆಟ್ಟಿಂಗ್‌ನಲ್ಲಿ ಕಾಣುವ ‘ಪ್ರಯಾರಿಟಿ’ ಎಂಬ ಅಂಕಿಯನ್ನು ಹೆಚ್ಚಿಸಿ ನೋಡುವ ಆಸೆ ನಿಮಗೆ ಹುಟ್ಟಬಹುದು. ಅದರಿಂದ ಇಲ್ಲಿ ಪ್ರಯೋಜನವಿಲ್ಲ. ಉಳಿಸಿಟ್ಟ ಹಲವು ವೈ-ಫೈಗಳು ಒಮ್ಮೆಲೇ ಕಂಡಾಗ ಯಾವುದನ್ನು ಸೇರಬೇಕೆಂಬುದನ್ನು ಮಾತ್ರ ಅದು ತೀರ್ಮಾನಿಸುತ್ತದೆ, ಅಲ್ಲಿ ದೊಡ್ಡ ಅಂಕಿಗೆ ಆದ್ಯತೆ. ಮೆಟ್ರಿಕ್‌ನಲ್ಲಿ ಚಿಕ್ಕದು ಗೆಲ್ಲುತ್ತದೆ, ಪ್ರಯಾರಿಟಿಯಲ್ಲಿ ದೊಡ್ಡದು. ಅನುಭವಸ್ಥರೂ ಇಲ್ಲಿ ಎಡವುತ್ತಾರೆ.

ಇನ್ನು ಪಾಸ್‌ವರ್ಡ್. ವೈ-ಫೈ ಪಾಸ್‌ವರ್ಡ್ ಅನ್ನು ‘ಈ ಬಳಕೆದಾರನಿಗೆ ಮಾತ್ರ’ ಎಂದು ಉಳಿಸಿದ್ದರೆ ಅದು ನಿಮ್ಮ ಕೀರಿಂಗ್‌ನಲ್ಲಿರುತ್ತದೆ. ಕೀರಿಂಗ್ ತೆರೆಯುವುದು ಲಾಗಿನ್ ವೇಳೆ ನೀವು ಟೈಪ್ ಮಾಡುವ ಪಾಸ್‌ವರ್ಡ್‌ನಿಂದ; ತಾನಾಗಿಯೇ ಲಾಗಿನ್ ಆದಾಗ ಯಾರೂ ಏನನ್ನೂ ಟೈಪ್ ಮಾಡಿರುವುದಿಲ್ಲವಾದ್ದರಿಂದ ಅದು ಬೀಗ ಹಾಕಿಕೊಂಡೇ ಇರುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯ ಬದಿಯ ಚಿಹ್ನೆಯನ್ನು ಒತ್ತಿ ‘ಎಲ್ಲ ಬಳಕೆದಾರರಿಗೆ’ ಎಂದು ಬದಲಿಸಿ. ಆಗ ಅದು ರೂಟ್ (ಪೂರ್ಣ ಅಧಿಕಾರವಿರುವ ಆಡಳಿತ ಖಾತೆ) ಮಾತ್ರ ಓದಬಲ್ಲ ಫೈಲ್‌ಗೆ ಹೋಗುತ್ತದೆ, ಲಾಗಿನ್‌ಗೂ ಮೊದಲೇ ವೈ-ಫೈ ಸೇರಿಕೊಳ್ಳುತ್ತದೆ. ಬೇರೆ ವೈ-ಫೈಗಳಿಂದ ಕೀರಿಂಗ್ ಮತ್ತೆ ಕೇಳಿದರೆ ಅವುಗಳಿಗೂ ಇದನ್ನೇ ಮಾಡಿ.

ಹಳೆಯ ಪದ್ಧತಿಯ ಬಗ್ಗೆ ಒಂದು ಮಾತು. ‘ಇಂಟರ್‌ಫೇಸಸ್’ ಫೈಲ್‌ನಲ್ಲಿ ಕೇಬಲ್ ಸಾಧನದ ಹೆಸರು ಬರೆದರೆ, ಡೆಬಿಯನ್‌ನ ನೆಟ್‌ವರ್ಕ್ ಮ್ಯಾನೇಜರ್ ಅದನ್ನು ಮುಟ್ಟುವುದನ್ನೇ ಬಿಡುತ್ತದೆ. ಮೇಲೆ ಹೇಳಿದ ದಾರಿ ಬದಲಾವಣೆಯೂ ನಡೆಯುವುದಿಲ್ಲ. ಈಗಾಗಲೇ ಬರೆದಿದ್ದರೆ ಆ ಸಾಲುಗಳನ್ನು ಅಳಿಸಿ ಕಂಪ್ಯೂಟರ್ ಮರುಪ್ರಾರಂಭಿಸಿ. ಬದಲಾಗದ ಐಪಿ ವಿಳಾಸವಷ್ಟೇ ಬೇಕಿದ್ದರೆ, ಕೇಬಲ್ ಸಂಪರ್ಕದ ಐಪಿವಿ4 ಪುಟದಲ್ಲಿ ‘ಮ್ಯಾನುಯಲ್’ ಆರಿಸಿ ಅಲ್ಲಿಯೇ ಬರೆಯಬಹುದು.