ಎಂಜಿನ್ ಕೂರುತ್ತೆ, ಹ್ಯಾಂಡ್ ಬ್ರೇಕ್ ಎಲ್ಲಿ?

ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆಗೆ ಸಕಲೇಶಪುರದ ಹಳೇ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮ್ಮ ತಂದೆ 1971ರಲ್ಲಿ ಕೊಂಡ ಮಹೀಂದ್ರ ಪೆಟ್ರೋಲ್ ಜೀಪ್, ಸಿಜೆ 3ಬಿ, ಇನ್ನೂ ತೋಟದಲ್ಲಿದೆ. ಎಂಜಿನ್ ಮೂರು ಸಲ ಬೋರ್ ಆಗಿದೆ (ಸವೆದ ಸಿಲಿಂಡರ್ ಕೊರೆಸಿದ್ದೇವೆ), ಪೆಟ್ರೋಲ್ ಕುಡಿಯುತ್ತೆ. ಗುಜರಿಯಲ್ಲಿ ಬೊಲೆರೊ ಫೋರ್‌ವೀಲ್‌ನ ಡಿಐ ಟರ್ಬೊ ಡೀಸೆಲ್ ಎಂಜಿನ್, ಐದು ಗೇರಿನ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಒಟ್ಟಿಗೆ ಸಿಗುತ್ತಿದೆ. ಗ್ಯಾರೇಜಿನವರು ಹದಿನೈದು ದಿನದ ಕೆಲಸ ಅಂತಾರೆ. ಹಾಕಿಸಲೇ?
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ಹದಿನೈದು ದಿನದಲ್ಲಿ ಎಂಜಿನ್ ಕೂರುತ್ತೆ ಸ್ವಾಮಿ, ಅದರಲ್ಲಿ ಅನುಮಾನವಿಲ್ಲ. ಎಂಜಿನ್ ಕೂರುವ ಫೌಂಡೇಶನ್ ಕತ್ತರಿಸಿ ವೆಲ್ಡ್ ಮಾಡಿದರೆ ಯಾವ ಎಂಜಿನ್ ಬೇಕಾದರೂ ಕೂರುತ್ತೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮ್ಯಾಟಡೋರ್ ಎಂಜಿನ್ ಕೂರಿಸಿದ ಜೀಪುಗಳು ನಮ್ಮ ಕಡೆ ಎಷ್ಟು ಓಡಲಿಲ್ಲ! ತಕರಾರು ಇರುವುದು ಎಂಜಿನ್ ಹಿಂದುಗಡೆ.

ಒಂದು ಟಾರ್ಚ್ ಹಿಡಿದು ಜೀಪಿನ ಕೆಳಗೆ ಮಲಗಿ ನೋಡಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಚಕ್ರದ ಕಡೆಗೆ ಶಕ್ತಿ ಒಯ್ಯುವ ದಂಡ) ಗಾಡಿಯ ನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತೆ. ನಿಮ್ಮ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೂ ಹಿಂದಕ್ಕೂ ಶಾಫ್ಟ್ ಹೊರಡುವುದು ಬಲಗಡೆಯಿಂದಲೇ. ಅದಕ್ಕೆ ಸರಿಯಾಗಿ ಆ್ಯಕ್ಸಲ್ ಹೌಸಿಂಗಿನ ಗುಂಡೂ (ಶಾಫ್ಟ್ ಬಂದು ಸೇರುವ ಉಬ್ಬು) ಬಲಕ್ಕಿದೆ. ಬೊಲೆರೊ ಟ್ರಾನ್ಸ್‌ಫರ್‌ನಲ್ಲಿ ಹಿಂದಿನ ಶಾಫ್ಟ್ ನಡುವಿನಿಂದ ಹೊರಡುತ್ತೆ. ಅದನ್ನು ನಿಮ್ಮ ಹೌಸಿಂಗಿಗೆ ಜೋಡಿಸಿದರೆ ಶಾಫ್ಟ್ ಓರೆಯಾಗುತ್ತೆ. ಉದ್ದ ಗಾಡಿಯಾಗಿದ್ದರೆ ಆ ಓರೆ ಹೇಗೋ ನಡೆಯುತ್ತಿತ್ತು. ನಿಮ್ಮದು 80 ಇಂಚಿನ ವೀಲ್‌ಬೇಸ್, ಅಂದರೆ ಹಿಂದಿನ ಮುಂದಿನ ಚಕ್ರದ ನಡುವೆ ಇರುವುದೇ ಅಷ್ಟು. ಮೂರು ಗೇರಿನ ಬಾಕ್ಸ್ ಇದ್ದ ಜಾಗದಲ್ಲಿ ಐದು ಗೇರಿನ ಬಾಕ್ಸ್ ಬಂದರೆ ಹಿಂದಿನ ಶಾಫ್ಟಿಗೆ ಉಳಿಯುವ ಜಾಗ ಹೆಚ್ಚುಕಮ್ಮಿ ಒಂದು ಮೊಳ ಅಷ್ಟೆ. ಗಿಡ್ಡ ಶಾಫ್ಟ್, ಮೇಲಿಂದ ಓರೆ ಬೇರೆ. ತೋಟದ ಗುಂಡಿಯಲ್ಲಿ ಪ್ಲೇಟ್ ಸೆಟ್ (ಸ್ಪ್ರಿಂಗ್ ಪಟ್ಟಿ) ಕುಣಿದಾಗಲೆಲ್ಲ ಶಾಫ್ಟಿನ ತುದಿಯ ಕ್ರಾಸ್ (ಬಾಗುವ ಕೀಲು) ಸವೆಯುತ್ತೆ. ಒಂದು ಮಳೆಗಾಲಕ್ಕೆ ಎರಡು ಸೆಟ್ ಕ್ರಾಸ್ ಇಟ್ಟುಕೊಂಡಿರಬೇಕಾಗುತ್ತೆ.

ಅದಕ್ಕಿಂತ ದೊಡ್ಡದು ಹ್ಯಾಂಡ್ ಬ್ರೇಕ್. ಗ್ಯಾರೇಜಿನವರು ಅದರ ಮಾತೇ ಎತ್ತಿಲ್ಲ ನೋಡಿ. ಸಿಜೆ 3ಬಿಯಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ ಒಂದು ಪುಟ್ಟ ಡ್ರಮ್ ಇದೆ, ಲಿವರ್ ಎಳೆದರೆ ಶಾಫ್ಟನ್ನೇ ಹಿಡಿದು ನಿಲ್ಲಿಸುತ್ತೆ. ಟ್ರಾನ್ಸ್‌ಫರ್ ಬಿಚ್ಚಿ ಗುಜರಿಗೆ ಎಸೆದ ದಿನ ನಿಮ್ಮ ಹ್ಯಾಂಡ್ ಬ್ರೇಕೂ ಅದರ ಜೊತೆ ಹೋಯಿತು. ಹೊಸ ಟ್ರಾನ್ಸ್‌ಫರ್‌ನಲ್ಲಿ ಆ ಡ್ರಮ್ ಇಲ್ಲ, ಯಾಕೆಂದರೆ ಬೊಲೆರೊದಲ್ಲಿ ಕೇಬಲ್ ನೇರ ಹಿಂದಿನ ಚಕ್ರಕ್ಕೆ ಹೋಗುತ್ತೆ. ನಿಮ್ಮ ಹಿಂದಿನ ಡ್ರಮ್ಮಿನಲ್ಲಿ ಕೇಬಲ್ ಸಿಕ್ಕಿಸಲು ಏನೂ ಇಲ್ಲ.

ಇದು ಪುಸ್ತಕ ಓದಿ ಹೇಳುತ್ತಿರುವುದಲ್ಲ. 1998ರಲ್ಲಿ ನಾನೇ ಒಂದು ತೋಟದ ಜೀಪಿಗೆ ಬೇರೆ ಗಾಡಿಯ ಬಾಕ್ಸು, ಟ್ರಾನ್ಸ್‌ಫರ್ ಹಾಕಿಕೊಟ್ಟೆ. ಹ್ಯಾಂಡ್ ಬ್ರೇಕ್ ಕೇಳಿದರು. "ಡೀಸೆಲ್ ಗಾಡಿ, ಗೇರಿನಲ್ಲಿ ಬಿಡಿ, ಅಲ್ಲಾಡಲ್ಲ" ಅಂದೆ. ಅಷ್ಟು ಧೈರ್ಯ ಆಗ. ತಿಂಗಳೊಳಗೆ ಡ್ರೈವರ್ ಕಣದ ಮೇಲಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಫಸ್ಟ್ ಗೇರ್ ಹಾಕಿ, ಚೀಲ ಇಳಿಸಲು ಹೋದ. 'ಲೋ' ಗೇರಿನಿಂದ 'ಹೈ'ಗೆ ಹಾಕುವಾಗ ಟ್ರಾನ್ಸ್‌ಫರ್ ಲಿವರ್ ನಡುವೆ ನ್ಯೂಟ್ರಲ್‌ನಲ್ಲೇ ನಿಂತಿದ್ದು ಅವನಿಗೆ ಗೊತ್ತಿಲ್ಲ. ಟ್ರಾನ್ಸ್‌ಫರ್ ನ್ಯೂಟ್ರಲ್ ಆದಮೇಲೆ ಬಾಕ್ಸು ಯಾವ ಗೇರಿನಲ್ಲಿದ್ದರೇನು? ಗಾಡಿ ಸದ್ದಿಲ್ಲದೆ ಉರುಳಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ತೊಟ್ಟಿಗೆ ಮೂತಿ ಇಟ್ಟಿತು. ಯಾರಿಗೂ ಏನೂ ಆಗಲಿಲ್ಲ. ರೇಡಿಯೇಟರ್ ನನ್ನ ಖರ್ಚು. ಹಳೇ ಡ್ರಮ್ ಇದ್ದಿದ್ದರೆ ಟ್ರಾನ್ಸ್‌ಫರ್ ನ್ಯೂಟ್ರಲ್ ಆದರೂ ಶಾಫ್ಟ್ ಹಿಡಿದುಕೊಂಡಿರುತ್ತಿತ್ತು.

ಇನ್ನು ಕ್ರೌನ್ ಪಿನಿಯನ್, ಹೌಸಿಂಗಿನೊಳಗೆ ಶಾಫ್ಟಿನ ಸುತ್ತನ್ನು ಚಕ್ರಕ್ಕೆ ದಾಟಿಸುವ ಹಲ್ಲುಗಾಲಿ ಜೋಡಿ. ಹಿಂದಿನ ಕವರ್ ಬಿಚ್ಚಿಸಿ ಹಲ್ಲು ಎಣಿಸಿ. ಬದಲಾಯಿಸದೆ ಇದ್ದರೆ ಕ್ರೌನಿಗೆ 43, ಪಿನಿಯನ್ನಿಗೆ 8 ಇರಬೇಕು, ಅಂದರೆ ಶಾಫ್ಟ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಹಳೇ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತಿನವರೆಗೆ ಹೋಗುತ್ತಿತ್ತು, ಅದಕ್ಕೆ ಈ ರೇಶಿಯೋ ಹೊಂದುತ್ತಿತ್ತು. 16 ಇಂಚಿನ ಸಣ್ಣ ಟೈರಿನಲ್ಲಿ, ಟಾಪ್ ಗೇರ್ ನೇರ ಇದ್ದಾಗ, ಗಂಟೆಗೆ 80 ಕಿಲೋಮೀಟರಿಗೆ ಎಂಜಿನ್ ಸುಮಾರು 3100 ತಿರುಗುತ್ತೆ. ಡಿಐ ಎಂಜಿನ್ನಿನ ಉಸಿರು 3200ಕ್ಕೆ ಮುಗಿಯಿತು. ಐದನೇ ಗೇರ್ ಇದ್ದರೆ ಹಾಸನದ ರಸ್ತೆಯಲ್ಲಿ ಬಚಾವ್, ನಾಲ್ಕು ಗೇರಿನ ಬಾಕ್ಸ್ ಆದರೆ ಇಡೀ ದಾರಿ ಕಿರುಚಿಕೊಂಡೇ ಹೋಗುತ್ತೆ. 39ಕ್ಕೆ 8ರ ಸೆಟ್ ಸಿಕ್ಕಿದರೆ ಅದೇ ವೇಗಕ್ಕೆ 2800ಕ್ಕೆ ಇಳಿಯುತ್ತೆ. ಆದರೆ ಹಾಕಿದರೆ ಹಿಂದೆ ಮುಂದೆ ಎರಡಕ್ಕೂ ಹಾಕಿ. ಹಿಂದಿನದು ಒಂದು ಹಾಕಿ ಫೋರ್‌ವೀಲ್ ಎಳೆದರೆ ಒಂದು ಆ್ಯಕ್ಸಲ್ ಇನ್ನೊಂದನ್ನು ತಳ್ಳುತ್ತಾ ಟ್ರಾನ್ಸ್‌ಫರನ್ನೇ ತಿಂದು ಹಾಕುತ್ತೆ.

ಬ್ರೇಕ್ ಬಗ್ಗೆ ಒಂದೇ ಮಾತು: 9 ಇಂಚಿನ ಡ್ರಮ್ಮಿಗೆ ಬೂಸ್ಟರ್ ಇಲ್ಲ, ಮೇಲೆ ಡೀಸೆಲ್ ಎಂಜಿನ್ನಿನ ಭಾರ. ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಹಾಕಿಸುವುದೇ ಆದರೆ ಅದಕ್ಕೆ ವ್ಯಾಕ್ಯೂಮ್ ಬೇಕು, ಡೀಸೆಲ್‌ನ ಮ್ಯಾನಿಫೋಲ್ಡ್‌ನಲ್ಲಿ (ಗಾಳಿ ಎಳೆಯುವ ಕೊಳವೆಯಲ್ಲಿ) ಅದು ಹುಟ್ಟುವುದಿಲ್ಲ. ಹಿಂದೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರನ್ನು ಅದರ ಆಯಿಲ್ ಪೈಪ್ ಸಮೇತ ತನ್ನಿ. ಗುಜರಿಯವರು ಪೈಪ್ ಕತ್ತರಿಸಿ ಕೊಡುತ್ತಾರೆ, ಬಿಡಬೇಡಿ.

ನನ್ನ ಮಾತು ಕೇಳುವುದಾದರೆ ಬೊಲೆರೊ ಸೆಟ್ ಬಿಡಿ. ಎಂಬತ್ತರ ದಶಕದಲ್ಲಿ ಕಂಪನಿಯೇ ಪೂಜೋ ಡೀಸೆಲ್ ಎಂಜಿನ್ ಕೂರಿಸಿ ಇದೇ ವಂಶದ ಜೀಪ್ ಮಾರಿತು. ಆ ಕಾಲದ ಫೋರ್‌ವೀಲ್ ಗಾಡಿ ಒಂದು ಪೂರ್ತಿ ಸಿಕ್ಕರೆ ಎಂಜಿನ್, ಬಾಕ್ಸು, ಟ್ರಾನ್ಸ್‌ಫರ್ ಮೂರೂ ಅದರದ್ದೇ ಇರಲಿ. ಶಾಫ್ಟ್ ಬಲಗಡೆಯಿಂದ ಹೊರಡುತ್ತಾ, ಹ್ಯಾಂಡ್ ಬ್ರೇಕ್ ಡ್ರಮ್ ಇದೆಯಾ ಅಂತ ಅಡಿಗೆ ಮಲಗಿ ನೋಡಿ ಆಮೇಲೆ ದುಡ್ಡು ಎಣಿಸಿ. ಆ ಎಂಜಿನ್ನಿಗೆ ಓಟ ಕಮ್ಮಿ, ನಿಜ. ತೋಟದೊಳಗೆ ಓಡಿ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನನ್ನದು 1992ರ ಜಿಪ್ಸಿ, 970 ಸಿಸಿ, ನಾಲ್ಕು ಗೇರ್. ಇದಕ್ಕೆ ಜಿಪ್ಸಿ ಕಿಂಗ್‌ನ 1300 ಎಂಜಿನ್ ಮತ್ತು ಐದು ಗೇರ್ ಬಾಕ್ಸ್ ಹಾಕಿದರೆ ಇದೇ ಗೋಳಾ?
— ಓದುಗರು, ಸೋಮವಾರಪೇಟೆ

ಉತ್ತರ: ಇಲ್ಲ, ನೀವು ಪುಣ್ಯವಂತರು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಕೂತಿದೆ. ನಡುವೆ ಒಂದು ಗಿಡ್ಡ ಶಾಫ್ಟ್. ಬಾಕ್ಸ್ ಉದ್ದವಾದರೆ ಆ ಶಾಫ್ಟ್ ಒಂದನ್ನು ಕಿಂಗ್‌ನದ್ದು ತಂದು ಹಾಕಿದರಾಯಿತು, ಹಿಂದೆ ಮುಂದೆ ಯಾವುದೂ ಕದಲುವುದಿಲ್ಲ. ಕಾರ್ಬುರೇಟರ್ ಇರುವ ಎಂಜಿನ್ನನ್ನೇ ಹುಡುಕಿ. 2000ದ ಮೇಲಿನ ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ ಎಂಜಿನ್) ಸಿಕ್ಕರೆ ಶಕ್ತಿ ಜಾಸ್ತಿ, ನಿಜ. ಆದರೆ ಇಸಿಎಂ ಅನ್ನುವ ಎಂಜಿನ್ ಕಂಪ್ಯೂಟರ್, ವೈರಿಂಗ್, ಟ್ಯಾಂಕಿನೊಳಗಿನ ಪಂಪ್, ಇದರಲ್ಲಿ ಒಂದು ವೈರ್ ಕತ್ತರಿಸಿ ಬಂದಿದ್ದರೂ ಮಡಿಕೇರಿ ಮಳೆಯಲ್ಲಿ ಗಾಡಿ ತಳ್ಳುವವರನ್ನು ಜೊತೆಗೇ ಕರೆದುಕೊಂಡು ಹೋಗಬೇಕು.

ಪ್ರಶ್ನೆ: ಎಂಜಿನ್ ಬದಲಾಯಿಸಿದ ಮೇಲೆ ಆರ್‌ಟಿಓಗೆ ತಿಳಿಸಿದರೆ ಸಾಕಲ್ಲವೇ?
— ಓದುಗರು, ಕೊಪ್ಪ

ಉತ್ತರ: ಮೇಲೆ ಅಲ್ಲ, ಮೊದಲು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಮಾಡಿ ಹೇಳಿತು. ಪೆಟ್ರೋಲ್ ಗಾಡಿ ಡೀಸೆಲ್ ಆದರೆ ಎಂಜಿನ್ ನಂಬರ್, ಇಂಧನ, ಸಿಸಿ ಮೂರೂ ಬದಲು. ಹಾಗಾಗಿ ದುಡ್ಡು ಕೊಡುವ ಮುಂಚೆ ಇನ್‌ಸ್ಪೆಕ್ಟರನ್ನು ಕಂಡು, ಆಗುತ್ತೋ ಇಲ್ಲವೋ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಎಂಜಿನ್ ನಂಬರನ್ನೇ. ಗುಜರಿಯ ಬಿಲ್ಲಿನಲ್ಲೂ ಎಂಜಿನ್ ನಂಬರ್ ಬರೆಸಿಕೊಳ್ಳಿ, ಅದು ಬಂದ ಗಾಡಿಯ ಆರ್‌ಸಿ ಪ್ರತಿ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಆ ಎಂಜಿನ್ ಎಷ್ಟೇ ಚೆನ್ನಾಗಿ ಸ್ಟಾರ್ಟ್ ಆಗಲಿ, ಮುಟ್ಟಬೇಡಿ.