ಅಮ್ಮ ಬಿಟ್ಟ ಚಪ್ಪಲಿ, ಮಗಳು ಬಿಟ್ಟ ಊಟ

(ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿ, ತಾಯಿ ಇಬ್ಬರೂ ಬರೆಯಲು ಒಪ್ಪಿದ್ದಾರೆ.)

ಜನವರಿ ಕೊನೆಯ ವಾರ. ಪಿಯುಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಯುವ ಹೊತ್ತು. ಆ ದಿನಗಳಲ್ಲಿ ಮೈಸೂರಿನ ನನ್ನ ಆಪ್ತಸಮಾಲೋಚನೆ ಕೊಠಡಿಯ ಹೊರಗಿನ ಬೆಂಚು ಖಾಲಿ ಇರುವುದೇ ಇಲ್ಲ.

ಸೆಲಿನ್ (ನಾನಿಟ್ಟ ಹೆಸರು) ಬಂದದ್ದು ಚಿಕ್ಕಮ್ಮನ ಜೊತೆ. 17 ವರ್ಷ, ದ್ವಿತೀಯ ಪಿಯುಸಿ ವಿಜ್ಞಾನ. ಅಪ್ಪ, ಅಮ್ಮ ಮಂಡ್ಯ ಕಡೆಯ ಹಳ್ಳಿಯಲ್ಲಿ ಕಬ್ಬು ಬೆಳೆಯುವವರು. ಓದಿಗೆಂದು ಇವಳು ಮೈಸೂರಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ದಿನಾ ಬೆಳಗ್ಗೆ ಹೊಟ್ಟೆನೋವು, ವಾಂತಿ. ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿಸಿ, ಏನೂ ಇಲ್ಲ ಅಂದಿದ್ದರು. ಫಿಸಿಕ್ಸ್ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಾಸ್ ನಿಯಮದ ಪ್ರಶ್ನೆ ಬಂದಿತ್ತು. ಹತ್ತು ಸಲ ಬರೆದು ಕಲಿತದ್ದು. ಅಲ್ಲಿ ಕೂತಾಗ ಒಂದು ಅಕ್ಷರವೂ ನೆನಪಾಗಲಿಲ್ಲವಂತೆ.

ಪರೀಕ್ಷಾ ಭಯ ಅಂತ ಬರೆದುಕೊಂಡೆ. ಅರ್ಧ ಗಂಟೆಯಾದ ಮೇಲೆ ಅದನ್ನು ಹೊಡೆದುಹಾಕಿದೆ.

"ಎಷ್ಟು ಹೊತ್ತಿಗೆ ಏಳ್ತೀಯಾ?"

"ಮೂರು ಗಂಟೆಗೆ ಮೇಡಂ."

"ಓದೋಕಾ?"

"ಇಲ್ಲ, ಜಪಮಾಲೆಗೆ. ಓದೋದು ಆಮೇಲೆ."

ಜಪಮಾಲೆಯಲ್ಲಿ 53 ಸಲ ನಮೋ ಮರಿಯಾ ಪ್ರಾರ್ಥನೆ ಹೇಳಬೇಕು. ನಡುನಡುವೆ ಬೇರೆ ಪ್ರಾರ್ಥನೆಗಳಿವೆ. ಸಾಮಾನ್ಯವಾಗಿ ಇಪ್ಪತ್ತು ನಿಮಿಷದ ಕೆಲಸ. ಇವಳಿಗೆ ಒಂದೂವರೆ ಗಂಟೆ ಬೇಕಿತ್ತು. ಯಾಕೆಂದರೆ ಮಧ್ಯೆ ಮನಸ್ಸು ಎಲ್ಲಾದರೂ ಹೋದರೆ ಮೊದಲಿಂದ ಶುರು. ಪುಸ್ತಕದ ಪ್ರತಿ ಪುಟ ತಿರುಗಿಸುವ ಮುಂಚೆ ಶಿಲುಬೆ ಗುರುತು ಹಾಕಬೇಕು. ಮರೆತರೆ ಆ ಪುಟ ಮತ್ತೆ ಓದಬೇಕು. ಇದರ ಜೊತೆಗೆ, ಒಳ್ಳೆಯ ಮಾರ್ಕ್ಸ್‌ಗಾಗಿ ಬೆಳಗಿನ ತಿಂಡಿ ಬಿಟ್ಟಿದ್ದಳು. ಬುಧವಾರ, ಶುಕ್ರವಾರ ಮಧ್ಯಾಹ್ನದ ಊಟವೂ ಇಲ್ಲ. ಕ್ರೈಸ್ತರು ಉಪವಾಸ, ಪ್ರಾರ್ಥನೆಯಲ್ಲಿ ಕಳೆಯುವ ತಪಸ್ಸುಕಾಲ ಇನ್ನೂ ಶುರುವಾಗಿರಲಿಲ್ಲ. ಅದು ಬಂದರೆ ಇನ್ನೂ ಕಟ್ಟುನಿಟ್ಟು ಮಾಡುವ ಯೋಚನೆ ಬೇರೆ.

ನಮ್ಮ ರಾಜ್ಯದ ಕಥೊಲಿಕ ಮಕ್ಕಳಿಗೆ ಇದೊಂದು ತೊಡಕು. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನ ಮತ್ತು ಮಾರ್ಚ್ ತಿಂಗಳ ಪಿಯುಸಿ ಪರೀಕ್ಷೆ ಹೆಚ್ಚುಕಡಿಮೆ ಪ್ರತಿ ವರ್ಷ ಒಂದರ ಮೇಲೊಂದು ಬಂದು ಕೂರುತ್ತವೆ.

ಇಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ. ಮೊದಲ ದಿನವೇ ನಾನು "ಪರೀಕ್ಷೆ ಮುಗಿಯೋವರೆಗೂ ಜಪಮಾಲೆ ನಿಲ್ಲಿಸಿಬಿಡು, ದೇವರು ಬೇಜಾರು ಮಾಡ್ಕೊಳ್ಳಲ್ಲ" ಅಂದೆ. ನಾನು ಕ್ರೈಸ್ತಳಲ್ಲ. ನಮ್ಮ ಮನೆಯವರು ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುವವರು. ಅವಳ ದೇವರು ಬೇಜಾರು ಮಾಡಿಕೊಳ್ಳುತ್ತಾನೋ ಇಲ್ಲವೋ ಅಂತ ಹೇಳಲು ನಾನು ಯಾರು, ಅಲ್ವಾ? ಹುಡುಗಿ ತಲೆಯಾಡಿಸಿ ಹೋದಳು. ಹನ್ನೆರಡು ದಿನ ಬರಲೇ ಇಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದರೆ, "ಈಗ ಎರಡೂವರೆಗೇ ಏಳ್ತಾಳೆ ಮೇಡಂ" ಅಂದರು. ಜಪ ಬಿಡುವ ಮಾತು ಕೇಳಿಸಿಕೊಂಡ ಪಾಪಕ್ಕೆ ಅರ್ಧ ಗಂಟೆ ಜಾಸ್ತಿ.

ಎರಡನೇ ಸಲ ಬಂದಾಗ ಸಲಹೆ ಕೊಡುವುದು ಬಿಟ್ಟು ಕೇಳಿದೆ. "ಜಪ ತಪ್ಪಿದರೆ ಏನಾಗುತ್ತೆ ಅನಿಸುತ್ತೆ?"

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಅವಳ ಅಮ್ಮ ಆಗಸ್ಟ್‌ನಿಂದ ಚಪ್ಪಲಿ ಹಾಕುತ್ತಿಲ್ಲ. ಮಗಳಿಗೆ ಶೇಕಡಾ 95 ಬರಬೇಕು, ಬಂದ ಮೇಲೆ ಡೋರ್ನಹಳ್ಳಿಗೆ ಬರಿಗಾಲಲ್ಲಿ ನಡೆದು ಹೋಗಿ ಸಂತ ಅಂತೋಣಿಯವರ ಹರಕೆ ತೀರಿಸಬೇಕು, ಅಲ್ಲಿಯವರೆಗೂ ಚಪ್ಪಲಿ ಬೇಡ ಅಂತ. ಕಬ್ಬಿನ ಗದ್ದೆಯಲ್ಲೂ ಬರಿಗಾಲು. "ರಜಕ್ಕೆ ಹೋದಾಗ ಅಮ್ಮನ ಹಿಮ್ಮಡಿ ನೋಡಿದೆ ಮೇಡಂ. ಸೀಳು ಬಿಟ್ಟು ರಕ್ತ ಬರ್ತಿತ್ತು. ನಂಗೆ 95 ಬರದಿದ್ರೆ ಅಮ್ಮ ಜೀವನಪೂರ್ತಿ ಹಂಗೇ ಓಡಾಡ್ಬೇಕಲ್ಲ."

ಮಂಡ್ಯ, ಮೈಸೂರು ಕಡೆಯವರಿಗೆ ಡೋರ್ನಹಳ್ಳಿ ಗೊತ್ತಿರುತ್ತದೆ. ಕೆ.ಆರ್. ನಗರದ ಹತ್ತಿರದ ಊರು. ರೈತನೊಬ್ಬ ಉಳುವಾಗ ನೆಲದಲ್ಲಿ ಸಂತರ ಮೂರ್ತಿ ಸಿಕ್ಕಿತು ಅನ್ನುವ ಕಥೆ ಅಲ್ಲಿಯದು. 2019ರಲ್ಲಿ ಆ ಚರ್ಚಿಗೆ, ಪೋಪರು ವಿಶೇಷ ಚರ್ಚುಗಳಿಗೆ ಕೊಡುವ ಬಸಿಲಿಕಾ ಪದವಿ ಸಿಕ್ಕಿತು. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿ, ಧರ್ಮದವರೂ ಹೋಗುತ್ತಾರೆ. ನಮ್ಮ ಅಜ್ಜಿಯೇ ಕಳೆದುಹೋದ ಓಲೆ ಸಿಗಲಿ ಅಂತ ಅಲ್ಲಿ ಮೇಣದಬತ್ತಿ ಹಚ್ಚಿದ್ದರು. ಹಾಗಾಗಿ ಆ ತಾಯಿಯ ಹರಕೆ ನನಗೆ ವಿಚಿತ್ರ ಅನಿಸಲಿಲ್ಲ. ಆದರೆ ಹರಕೆ ಕಟ್ಟಿಕೊಂಡವರು ಅಮ್ಮ, ಅದರ ಅಸಲು ಬಡ್ಡಿ ಕಟ್ಟುತ್ತಿದ್ದವಳು ಮಗಳು.

ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕಿತ್ತು. ಸುತ್ತಿಬಳಸದೆ ಕೇಳಿದೆ: "ಸತ್ತುಹೋದರೆ ಸಾಕು ಅಂತ ಅನಿಸಿದೆಯಾ?" ಹೀಗೆ ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ಬರುತ್ತದೆ ಅಂತ ಹೆತ್ತವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಹಗುರಾಗುತ್ತಾರೆ. ಸೆಲಿನ್ ಅಂದಳು, "ಸಾಯ್ಬೇಕು ಅಂತಲ್ಲ. ಬೆಳಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅಂತ ಎರಡು ಸಲ ಅನಿಸಿತ್ತು. ಪಾಪ ಅಲ್ವಾ, ಅದಕ್ಕೆ ಯಾರಿಗೂ ಹೇಳಿಲ್ಲ." ಪಾಪದ ಭಯದಿಂದ ಬಾಯಿ ಮುಚ್ಚಿಕೊಳ್ಳುವ ಮಕ್ಕಳನ್ನು ನಾನು ಎಲ್ಲ ಧರ್ಮಗಳಲ್ಲೂ ಕಂಡಿದ್ದೇನೆ. ಚಿಕ್ಕಮ್ಮನಿಗೆ ಅವಳ ಒಪ್ಪಿಗೆ ಪಡೆದು ತಿಳಿಸಿದೆ. ರಾತ್ರಿ ಒಬ್ಬಳೇ ಮಲಗುವುದು ಬೇಡ ಅಂದೆ. ಟೆಲಿ ಮನಸ್ ಸಹಾಯವಾಣಿ 14416 ಅನ್ನು ಅವಳ ಕೈಯಲ್ಲೇ ಫೋನಿಗೆ ಹಾಕಿಸಿದೆ. ದುಡ್ಡು ಬೇಡ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾಡಿದ್ದನ್ನೇ ಮಾಡುವ ಗೀಳಿನ ಬಗ್ಗೆ ಮನೋವೈದ್ಯರಿಗೂ ತೋರಿಸಿದೆವು. ಮೂರು ತಿಂಗಳ ಈಚೆಗೆ ಶುರುವಾದದ್ದು, ಕೈ ತೊಳೆಯುವುದು, ಬಾಗಿಲು ನೋಡುವುದು ಅಂತ ಬೇರೆ ಕಡೆ ಹರಡಿಲ್ಲ. ಸದ್ಯ ಮಾತ್ರೆ ಬೇಡ, ಜಾಸ್ತಿಯಾದರೆ ತಕ್ಷಣ ಬನ್ನಿ ಅಂದರು.

ನನ್ನ ಬಾಯಿಂದ ಬಂದರೆ ನಾಟದ ಮಾತು ಯಾರ ಬಾಯಿಂದ ಬರಬೇಕೋ ಅವರಿಂದಲೇ ಬರಲಿ ಅಂತ, ಅವಳು ಹೋಗುವ ಚರ್ಚಿನ ಗುರುಗಳನ್ನು ಭೇಟಿ ಮಾಡಿದೆ. ವಯಸ್ಸಾದವರು. ನಾನು ವಿಷಯ ಹೇಳಿ ಮುಗಿಸುವ ಮೊದಲೇ, "ಹುಡುಗಿಗೆ ವಯಸ್ಸೆಷ್ಟು?" ಅಂದರು. ಹದಿನೇಳು ಅಂದೆ. "ಹಾಗಾದರೆ ಉಪವಾಸದ ನಿಯಮ ಅವಳಿಗೆ ಇಲ್ಲವೇ ಇಲ್ಲ" ಅಂದರು. ನನಗೆ ಇದು ಹೊಸದು. ಕಥೊಲಿಕ ಧರ್ಮಸಭೆಯ ಕಾನೂನಿನಲ್ಲಿ ಉಪವಾಸ 18 ತುಂಬಿದವರಿಗೆ ಮಾತ್ರ, ಅದೂ 59ರವರೆಗೆ. ಕಡ್ಡಾಯ ಇರುವುದು ಎರಡೇ ದಿನ: ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಯೇಸುವಿನ ಮರಣ ನೆನೆಯುವ ಶುಭ ಶುಕ್ರವಾರ. ಆ ದಿನಗಳಲ್ಲೂ ಒಂದು ಹೊತ್ತು ಪೂರ್ತಿ ಊಟ ಮಾಡಬಹುದು. 14 ತುಂಬಿದವರು ಮಾಂಸ ಬಿಡಬೇಕು, ಅಷ್ಟೇ. ಅಂದರೆ ಸೆಲಿನ್ ಹಸಿದಿದ್ದದ್ದು ಯಾರೂ ಕೇಳದ ಉಪವಾಸಕ್ಕೆ.

ಮುಂದಿನ ಭೇಟಿ ಮೂವರೂ ಸೇರಿ. ಗುರುಗಳು ಅವಳಿಗೆ ಉಪದೇಶ ಮಾಡಲಿಲ್ಲ. ಇಗ್ನೇಷಿಯಸ್ ಲೊಯೊಲಾ ಅವರ ಕಥೆ ಹೇಳಿದರು. ಯೇಸುಸಭೆ ಅನ್ನುವ ಗುರುಗಳ ಸಂಘವನ್ನು ಕಟ್ಟಿದವರು, ದೊಡ್ಡ ಸಂತರು. 1522ರಲ್ಲಿ ಸ್ಪೇನಿನ ಮನ್ರೇಸಾ ಊರಲ್ಲಿ ಇದ್ದಾಗ ಅವರಿಗೆ ಇದೇ ಕಾಟ. ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಳ್ಳುವುದು, ಸರಿಯಾಗಿ ಆಯಿತೋ ಇಲ್ಲವೋ ಅನ್ನುವ ಸಂಶಯ. ಎಷ್ಟು ಸಲ ಹೇಳಿದರೂ ಸಮಾಧಾನವಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. ದೇವರು ಶಾಂತಿ ಕೊಡುವವರೆಗೂ ಊಟ ಮುಟ್ಟುವುದಿಲ್ಲ ಅಂತ ಒಂದು ವಾರ ಹಸಿದಿದ್ದರು. ಆಗ ಪಾಪನಿವೇದನೆ ಕೇಳುವ ಗುರುಗಳು, ಮೊದಲು ಊಟ ಮಾಡು ಅಂತ ಆಜ್ಞೆ ಮಾಡಿದರು. ಅವರು ಉಂಡರು.

"ಅಷ್ಟಕ್ಕೇ ಮುಗೀಲಿಲ್ಲ ಮಗು" ಅಂತ ಗುರುಗಳು ಮುಂದುವರಿಸಿದರು. ಎರಡು ವರ್ಷದ ಮೇಲೆ ಅದೇ ಇಗ್ನೇಷಿಯಸ್ ಬಾರ್ಸಿಲೋನಾದಲ್ಲಿ ಲ್ಯಾಟಿನ್ ಕಲಿಯಲು ಕೂತರು. ಆಗಲೇ ಮೂವತ್ತು ದಾಟಿತ್ತು. ವ್ಯಾಕರಣ ಉರುಹೊಡೆಯಲು ಕೂತಾಗಲೆಲ್ಲ ದೇವರ ಬಗ್ಗೆ ಸೊಗಸಾದ ಯೋಚನೆಗಳು ಬಂದು ಪಾಠ ತಲೆಗೆ ಹತ್ತುತ್ತಿರಲಿಲ್ಲ. ಪ್ರಾರ್ಥನೆಗೆ ಕೂತಾಗ ಅಂಥ ಯೋಚನೆ ಬರುವುದಿಲ್ಲ, ಪುಸ್ತಕ ತೆಗೆದಾಗ ಮಾತ್ರ ಬರುತ್ತದೆ! ಇದು ದೇವರಿಂದಲ್ಲ, ಶೋಧನೆ (ಅಂದರೆ ದಾರಿ ತಪ್ಪಿಸುವ ಸೆಳೆತ) ಅಂತ ಅವರು ಗುರುತಿಸಿದರು. ನೇರ ಮೇಷ್ಟ್ರ ಹತ್ತಿರ ಹೋಗಿ, ಇನ್ನು ಪಾಠ ತಪ್ಪಿಸುವುದಿಲ್ಲ ಅಂತ ಮಾತು ಕೊಟ್ಟರು.

ಸೆಲಿನ್ ಮೊದಲ ಸಲ ನಕ್ಕಳು. "ಪುಟಕ್ಕೊಂದು ಶಿಲುಬೆ ಗುರುತೂ ಶೋಧನೆನಾ ಫಾದರ್?"

"ನೀನೇ ಹೇಳು" ಅಂದರು.

ಆಮೇಲಿನ ಕೆಲಸ ನನ್ನದು. ಪ್ರಾರ್ಥನೆ ನಿಲ್ಲಿಸುವ ಮಾತು ಎತ್ತಲಿಲ್ಲ. ಅಳತೆ ಕಟ್ಟಿದೆವು. ರಾತ್ರಿ ಹತ್ತು ಮಣಿ ಮಾತ್ರ. ಮನಸ್ಸು ಅಲೆದರೂ ಹಿಂದೆ ಹೋಗುವಂತಿಲ್ಲ. ಇದು ಕೇಳಲು ಸುಲಭ, ಮಾಡಲು ತುಂಬ ಕಷ್ಟ. ಗೀಳಿಗೆ ಒಂದು ಗುಣವಿದೆ. ಮತ್ತೆ ಮಾಡಿದಾಗಲೆಲ್ಲ ಭಯ ಐದು ನಿಮಿಷ ಇಳಿಯುತ್ತದೆ, ಮರುದಿನ ಹೆಚ್ಚಾಗಿ ಬರುತ್ತದೆ. ಮಾಡದೆ ಸುಮ್ನೆ ಕೂತರೆ ಮೊದಲು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮೊದಲ ರಾತ್ರಿ ಅವಳು ಮಣಿ ಹಿಡಿದುಕೊಂಡು ಅತ್ತಳಂತೆ. ಚಿಕ್ಕಮ್ಮ ಪಕ್ಕದಲ್ಲಿ ಕೂತಿದ್ದರು, ಸಮಾಧಾನ ಹೇಳಲಿಲ್ಲ. ಹೇಳಬೇಡಿ ಅಂತ ನಾನೇ ಹೇಳಿದ್ದೆ. "ಏನೂ ಆಗಲ್ಲ ಬಿಡು" ಅಂತ ನೂರು ಸಲ ಹೇಳುವುದೂ ಗೀಳಿಗೆ ಹಾಕುವ ಮೇವೇ. ಐದನೇ ರಾತ್ರಿ ಹತ್ತು ಮಣಿ ಆರು ನಿಮಿಷಕ್ಕೆ ಮುಗಿಯಿತು.

ನಿದ್ದೆಗೆ ಮಾತ್ರ ನಾನು ಹಟ ಹಿಡಿದೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲೇ. ಮೂರು ಗಂಟೆಗೆ ಎದ್ದು ಓದಿದವಳಿಗೆ ಗಾಸ್ ನಿಯಮ ಕೈಕೊಟ್ಟದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಇದನ್ನು ಅವಳು ನನ್ನಿಂದ ಕೇಳಿ ಒಪ್ಪಲಿಲ್ಲ, ಎಲೀಯನಿಂದ ಒಪ್ಪಿದಳು. ಬೈಬಲಿನಲ್ಲಿ ಪ್ರವಾದಿ ಎಲೀಯ ಜೀವಭಯದಿಂದ ಓಡಿಹೋಗಿ, ಗಿಡದ ಕೆಳಗೆ ಕೂತು, ಸಾಕು ದೇವರೇ, ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ಜಪ ಮಾಡು ಅನ್ನುವುದೂ ಇಲ್ಲ. ಎದ್ದು ತಿನ್ನು ಅನ್ನುತ್ತಾನೆ. ರೊಟ್ಟಿ, ನೀರು ಇಟ್ಟಿರುತ್ತದೆ. ತಿಂದು ಮತ್ತೆ ಮಲಗುತ್ತಾನೆ. ದೂತ ಇನ್ನೊಂದು ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಗುರುಗಳು ಈ ಭಾಗ ಓದಿಸಿದ ಮೇಲೆ ಅವಳು ಹತ್ತೂವರೆಗೆ ಮಲಗಿ ಐದೂವರೆಗೆ ಏಳಲು ಶುರು ಮಾಡಿದಳು. ಬೆಳಗ್ಗೆ ಎರಡು ಇಡ್ಲಿ. ಒಂದು ವಾರದಲ್ಲಿ ವಾಂತಿ ನಿಂತಿತು. ಹೊಟ್ಟೆನೋವು ಅಲ್ಪಸ್ವಲ್ಪ ಉಳಿಯಿತು.

ಪರೀಕ್ಷಾ ಕೊಠಡಿಗೆ ಉಸಿರಿನ ಅಭ್ಯಾಸ ಹೇಳಿಕೊಟ್ಟೆ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಹೊರಗೆ ಬಿಡುವುದು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ಎಣಿಕೆಯ ಬದಲು ಅವಳೇ ಮಾತು ಸೇರಿಸಿಕೊಂಡಳು. ಒಳಗೆ "ಯೇಸುವೇ", ಹೊರಗೆ "ಜೊತೆಗಿರು". ಐದು ಸಲ ಮಾತ್ರ, ಆರನೆಯದಿಲ್ಲ ಅಂತ ಕರಾರು. ಮೊದಲು ಗೊತ್ತಿರುವ ಪ್ರಶ್ನೆಯಿಂದ ಶುರು ಮಾಡಬೇಕು.

ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಯಲ್ಲಿ ಸಂತರ ಮಲಗಿದ ಪ್ರತಿಮೆ ಇದೆ. ನಾಲ್ವಡಿಯವರ ಕಾಲದಲ್ಲಿ, 1933ರಲ್ಲಿ ಅಡಿಗಲ್ಲು ಹಾಕಿದ ಚರ್ಚು ಅದು. ಸೆಲಿನ್ ವಾರಕ್ಕೆ ನಾಲ್ಕು ದಿನ ಅಲ್ಲಿ ಹೋಗಿ 95 ಕೇಳುತ್ತಿದ್ದಳು. ಶನಿವಾರ ಮಾತ್ರ ಹೋಗು, ಏನೂ ಕೇಳಬೇಡ, ಹೇಗಿದ್ದೀಯ ಅಂತ ಹೇಳಿ ಬಾ ಅಂದೆ. "ಭಯ ಆಗ್ತಿದೆ ಅಂತ ದೇವರಿಗೆ ಹೇಳಬಹುದಾ?" ಅಂತ ಕೇಳಿದಳು. ಸೆರೆಸಿಕ್ಕುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಯೇಸು ಹೇಳಿದ್ದೂ ಅದನ್ನೇ ಅಲ್ವಾ, ಈ ಪಾತ್ರೆ (ಅಂದರೆ ಈ ಸಂಕಟ) ನನ್ನಿಂದ ದೂರವಾಗಲಿ ಅಂತ. ಬೈಬಲಿನ 13ನೇ ಕೀರ್ತನೆ ಶುರುವಾಗುವುದೇ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಅನ್ನುವ ದೂರಿನಿಂದ. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತನ್ನದೇ ಒಂದು ದೂರು ಬರೆದಳು. ಏನು ಬರೆದಳೋ ನಾನು ಕೇಳಲಿಲ್ಲ.

ಇಷ್ಟಾದರೂ ಚಪ್ಪಲಿ ಉಳಿದಿತ್ತು. ಫೆಬ್ರವರಿ ಮಧ್ಯದಲ್ಲಿ ತಾಯಿಯನ್ನು ಕರೆಸಿದೆ. ಬರಿಗಾಲಲ್ಲೇ ಬಂದರು. ಮಗಳ ಮಾತು ಕೇಳಿ ಕಣ್ಣು ತುಂಬಿಕೊಂಡರು. "ನಾನೇನ್ ತಪ್ ಮಾಡ್ದೆ ಮೇಡಂ? ಮಗೀಗ್ ಒಳ್ಳೇದಾಗ್ಲಿ ಅಂತ ತಾನೆ. ಈಗ ಬಿಟ್ರೆ ಅಂತೋಣಿಯಪ್ಪ ಸುಮ್ನಿರ್ತಾರಾ?"

ತಪ್ಪು ಅಂತ ನಾನು ಅನ್ನಲಿಲ್ಲ. ಗುರುಗಳ ಹತ್ತಿರ ಕಳಿಸಿದೆ. ವೈಯಕ್ತಿಕ ಹರಕೆಯನ್ನು ಬದಲಿಸಲು ಧರ್ಮಸಭೆಯ ಕಾನೂನಿನಲ್ಲೇ ದಾರಿ ಇದೆ, ಧರ್ಮಕೇಂದ್ರದ, ಅಂದರೆ ಆಯಾ ಊರಿನ ಚರ್ಚಿನ, ಗುರುಗಳಿಗೆ ಆ ಅಧಿಕಾರವಿದೆ. ಅವರು ಹರಕೆಯಿಂದ ಮಾರ್ಕ್ಸನ್ನು ಕಿತ್ತುಹಾಕಿದರು. ಎಷ್ಟೇ ಬರಲಿ, ಜೂನ್ ಹಬ್ಬಕ್ಕೆ ಅಮ್ಮ, ಮಗಳು ಡೋರ್ನಹಳ್ಳಿಗೆ ಹೋಗಿ ಮೇಣದಬತ್ತಿ ಹಚ್ಚುವುದು. ಬಸ್ಸಲ್ಲಿ. ಚಪ್ಪಲಿ ಇವತ್ತಿಂದಲೇ.

ಮಗಳ ಎದುರಿಗೇ ಹಾಕಿಕೊಳ್ಳಿ ಅಂತ ನಾನು ಕೇಳಿಕೊಂಡೆ. ಹೊರಗೆ ಬಂದು ಹೊಸ ಚಪ್ಪಲಿ ಮೆಟ್ಟಿದಾಗ ಆ ತಾಯಿಗೆ ನಡೆಯಲು ಮುಜುಗರ. ಅಭ್ಯಾಸ ತಪ್ಪಿತ್ತು. ಸೆಲಿನ್ ಅಮ್ಮನ ಕಾಲನ್ನೇ ನೋಡುತ್ತಿದ್ದಳು.

ಹೆತ್ತವರಿಗೆ ಇನ್ನೊಂದು ಮಾತನ್ನೂ ಹೇಳಿದೆ. ಬಹಳ ಮನೆಗಳಿಗೆ ಇದು ಇನ್ನೂ ಸರಿಯಾಗಿ ತಲುಪಿಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಪಿಯುಸಿಗೂ ಎಸ್ಸೆಸ್ಸೆಲ್ಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಒಂದೇ ಬೆಳಗ್ಗೆ ಎಲ್ಲ ಮುಗಿದುಹೋಗುವ ಕಾಲ ಹೋಯಿತು.

ಫಿಸಿಕ್ಸ್ ಪರೀಕ್ಷೆಯ ದಿನ ಅವಳಿಗೆ ಮತ್ತೆ ಕೈ ನಡುಗಿತಂತೆ. ಉಸಿರು ಐದು ಸಲಕ್ಕೆ ನಿಲ್ಲಿಸಲಾಗದೆ ಏಳಕ್ಕೆ ಹೋಯಿತು ಅಂತ ತಪ್ಪೊಪ್ಪಿಗೆಯಂತೆ ಹೇಳಿದಳು. ಬರೆದಳು. 95 ಬರಲಿಲ್ಲ, ಒಟ್ಟು 84 ಚಿಲ್ಲರೆ ಬಂತು. ಎರಡನೇ ಪರೀಕ್ಷೆಗೆ ಕೂರುವುದೋ ಬೇಡವೋ ಅಂತ ಎರಡು ದಿನ ಯೋಚಿಸಿ, ಬೇಡ ಅಂತ ಅವಳೇ ತೀರ್ಮಾನಿಸಿದಳು. ಈಗಲೂ ತಿಂಗಳಿಗೊಮ್ಮೆ ಬರುತ್ತಾಳೆ. ಬಿ.ಎಸ್ಸಿ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ಮಣಿ ಹಿಂದಕ್ಕೆ ಎಣಿಸುವ ಆಸೆ ತಲೆ ಎತ್ತುತ್ತದೆ.

ಜೂನ್ 13ರ ಸಂಜೆ ಅವಳ ಅಮ್ಮ ಫೋನ್ ಮಾಡಿದ್ದರು. ಹಬ್ಬದ ಗದ್ದಲ, ಹಿಂದೆ ಬ್ಯಾಂಡಿನ ಸದ್ದು. "ಏನ್ ಹೇಳ್ಲಿ ಮೇಡಂ, ಬಸ್ ಇಳಿಯೋವಾಗ ನೂಕುನುಗ್ಗಲಲ್ಲಿ ಚಪ್ಪಲಿ ಉಂಗುಷ್ಟ ಕಿತ್ತೋಯ್ತು. ಕೊನೇಗೆ ಬರಿಗಾಲಲ್ಲೇ ನಡೆಸ್ಬಿಟ್ರು ನೋಡಿ ಅಂತೋಣಿಯಪ್ಪ." ಪಕ್ಕದಲ್ಲಿ ಸೆಲಿನ್ ಜೋರಾಗಿ ನಗುವುದು ಕೇಳಿಸಿತು.